ಬ್ಯಾಟ್‌ಮನ್ ಹುಟ್ಟಿದ ಕಥೆ ಬರೆದವನ ಹೆಸರೇ ಇಲ್ಲದ ಕಾಲ

'ಬ್ಯಾಟ್‌ಮನ್: ಇಯರ್ ಒನ್' 2011ರಲ್ಲಿ ಬಂದ 64 ನಿಮಿಷದ ಆನಿಮೇಷನ್ ಸಿನಿಮಾ. ನಿರ್ದೇಶಕರು ಸ್ಯಾಮ್ ಲಿಯು ಮತ್ತು ಲಾರೆನ್ ಮಾಂಟ್‌ಗೊಮರಿ. ಹನ್ನೆರಡು ವರ್ಷ ಹೊರಗಿದ್ದ ಶ್ರೀಮಂತ ಯುವಕ ಬ್ರೂಸ್ ವೇಯ್ನ್ ಗಾಥಮ್ ನಗರಕ್ಕೆ ಮರಳಿ, ಬ್ಯಾಟ್‌ಮನ್ ಆಗುವ ಮೊದಲ ವರ್ಷದ ಕಥೆ ಇದು. ಮೂಲ 1987ರ ನಾಲ್ಕು ಸಂಚಿಕೆಗಳ ಕಾಮಿಕ್ಸ್. ಬರೆದವರು ಫ್ರಾಂಕ್ ಮಿಲ್ಲರ್, ಚಿತ್ರ ಬಿಡಿಸಿದವರು ಡೇವಿಡ್ ಮಾಜುಕೆಲ್ಲಿ. ಸಿನಿಮಾ ಆ ಪುಟಗಳನ್ನು ಬಿಟ್ಟು ಆಚೀಚೆ ಹೋಗುವುದು ತೀರಾ ಕಡಿಮೆ.

ಆದರೆ ಈ ಕಥೆಯ ಬೇರು 1987ಕ್ಕಿಂತ ತುಂಬಾ ಹಳೆಯದು. ಆ ಬೇರಿನಲ್ಲಿ ಒಂದು ಅನ್ಯಾಯ ಇದೆ.

1939ರಲ್ಲಿ ಸೂಪರ್‌ಮನ್ ಭರ್ಜರಿಯಾಗಿ ಓಡುತ್ತಿದ್ದ. ಅಂಥದ್ದೇ ಇನ್ನೊಬ್ಬ ಹೀರೋ ಬೇಕು ಎಂದು ಪ್ರಕಾಶಕರಿಗೆ ಆಸೆ. ನ್ಯೂಯಾರ್ಕ್‌ನ ಚಿತ್ರಕಾರ ಬಾಬ್ ಕೇನ್ ಒಂದು ಚಿತ್ರ ಬರೆದರು: ಕೆಂಪು ಬಟ್ಟೆ, ಕಣ್ಣಿಗೆ ಚಿಕ್ಕ ಮುಖವಾಡ, ಬೆನ್ನಿಗೆ ಗಟ್ಟಿ ರೆಕ್ಕೆ. ಅದನ್ನು ಗೆಳೆಯ ಬಿಲ್ ಫಿಂಗರ್‌ಗೆ ತೋರಿಸಿದರು. ಫಿಂಗರ್ ಆಗ ಶೂ ಮಾರುವ ಕೆಲಸ ಮಾಡುತ್ತಾ ಕಥೆ ಬರೆಯುತ್ತಿದ್ದವರು. ರೆಕ್ಕೆ ತೆಗೆದು ಹಾರಾಡುವ ಮೇಲುಹೊದಿಕೆ ಹಾಕು, ತಲೆಗೆ ಬಾವಲಿಯ ಕಿವಿ ಇಡು, ಬಣ್ಣ ಕಪ್ಪು-ಬೂದು ಮಾಡು ಎಂದರು. ಬ್ರೂಸ್ ವೇಯ್ನ್ ಎಂಬ ಹೆಸರೂ ಅವರದೇ. ಮೊದಲ ಕಥೆ ಬರೆದವರೂ ಅವರೇ, ಪೊಲೀಸ್ ಕಮಿಷನರ್ ಗಾರ್ಡನ್ ಅದರಲ್ಲೇ ಬರುತ್ತಾರೆ. ಮುಂದೆ ಫೋನ್ ಡೈರೆಕ್ಟರಿಯಲ್ಲಿ ಕಂಡ ಒಂದು ಒಡವೆ ಅಂಗಡಿಯ ಹೆಸರಿನಿಂದ ಗಾಥಮ್ ಎಂದು ಊರಿಗೆ ಹೆಸರಿಟ್ಟರು.

ಇಷ್ಟಾದರೂ ಪ್ರಕಾಶಕರ ಜೊತೆ ಒಪ್ಪಂದ ಮಾಡಿಕೊಂಡದ್ದು ಕೇನ್ ಒಬ್ಬರೇ. ಹೆಸರೂ ಅವರೊಬ್ಬರದೇ ಆಯಿತು. ಫಿಂಗರ್ ತೆರೆಯ ಹಿಂದೆ ಬರೆದುಕೊಡುವವರಾಗಿ ಉಳಿದರು.

ಅದೇ ವರ್ಷ ಕಾಮಿಕ್ಸ್ ಪತ್ರಿಕೆಯ ನವೆಂಬರ್ ಸಂಚಿಕೆಯಲ್ಲಿ ಬ್ಯಾಟ್‌ಮನ್ ಹುಟ್ಟಿದ ಕಥೆ ಮೊದಲ ಸಲ ಬಂತು. ಬರೀ ಎರಡು ಪುಟ. ಬೀದಿಯಲ್ಲಿ ದರೋಡೆಕೋರ ಅಪ್ಪ-ಅಮ್ಮನನ್ನು ಕೊಲ್ಲುತ್ತಾನೆ. ಹುಡುಗ ಪಣ ತೊಡುತ್ತಾನೆ. ದೊಡ್ಡವನಾದ ಮೇಲೆ ಒಂದು ರಾತ್ರಿ ಕಿಟಕಿಯಿಂದ ಬಾವಲಿ ಒಳಗೆ ಬರುತ್ತದೆ. ಈ ಪುಟಗಳನ್ನು ಬರೆದವರು ಫಿಂಗರ್ ಎಂದೇ ಇವತ್ತು ಗುರುತಿಸುತ್ತಾರೆ.

ಎಂಬತ್ತರ ದಶಕದಲ್ಲಿ ಬ್ಯಾಟ್‌ಮನ್ ಕಾಮಿಕ್ಸ್ ಪ್ರಕಟಿಸುವ ಡಿಸಿ ಕಂಪನಿ ತನ್ನ ಹೀರೋಗಳ ಗೋಜಲಾದ ಇತಿಹಾಸವನ್ನು ಹೊಸದಾಗಿ ಶುರು ಮಾಡಿತು. ಮಿಲ್ಲರ್ ಆ ಎರಡು ಪುಟಗಳನ್ನು ಅಳಿಸಲಿಲ್ಲ, ಅದರ ಸುತ್ತ ಒಂದು ಕೊಳೆತ ಊರನ್ನು ಕಟ್ಟಿದರು. ಲಂಚಕೋರ ಪೊಲೀಸರ ನಡುವೆ ಒದ್ದಾಡುವ ಗಾರ್ಡನ್ ಅರ್ಧ ಕಥೆಯ ನಾಯಕ. ಸಿನಿಮಾದಲ್ಲಿ ಅವನಿಗೆ ದನಿ ಕೊಟ್ಟವರು ಬ್ರಯನ್ ಕ್ರಾನ್‌ಸ್ಟನ್. ನನ್ನ ಮಟ್ಟಿಗೆ ಇದು ಬ್ಯಾಟ್‌ಮನ್‌ಗಿಂತ ಜಾಸ್ತಿ ಗಾರ್ಡನ್‌ನ ಸಿನಿಮಾ. ಬಾವಲಿಯೂ ಇದೆ. ಈ ಸಲ ರಕ್ತ ಸುರಿಸುತ್ತಾ ಕುಳಿತ ಬ್ರೂಸ್ ಮುಂದೆ ಗಾಜು ಒಡೆದು ನುಗ್ಗುತ್ತದೆ. ಬ್ರೂಸ್, ಗಾರ್ಡನ್, ಗಾಥಮ್: ಈ ಸಿನಿಮಾ ನಿಂತಿರುವುದೇ ಫಿಂಗರ್ ಕೊಟ್ಟದ್ದರ ಮೇಲೆ. ಆದರೆ ಆ ಕಾಲದ ಬ್ಯಾಟ್‌ಮನ್ ಸಿನಿಮಾಗಳಲ್ಲಿ ಸೃಷ್ಟಿಕರ್ತ ಎಂದು ಬರುತ್ತಿದ್ದದ್ದು ಕೇನ್ ಹೆಸರು ಮಾತ್ರ.

ಗೊತ್ತಿದ್ದವರು ಸುಮ್ನೆ ಇರಲಿಲ್ಲ. 1965ರಲ್ಲಿ ಫಿಂಗರ್ ನ್ಯೂಯಾರ್ಕ್‌ನ ಕಾಮಿಕ್ಸ್ ಸಮಾವೇಶವೊಂದರಲ್ಲಿ ಮಾತಾಡಿದರು. ಅದನ್ನು ಕೇಳಿದ ಅಭಿಮಾನಿ ಜೆರ್ರಿ ಬೇಲ್ಸ್ ಸತ್ಯ ಏನೆಂದು ಬರೆದು ಹಂಚಿದರು. ಕೇನ್ ಬಹಿರಂಗ ಪತ್ರ ಬರೆದು ಅಲ್ಲಗಳೆದರು. 1974ರಲ್ಲಿ ಫಿಂಗರ್ ತೀರಿಕೊಂಡರು, ಆಗ ಅವರಿಗೆ 59 ವರ್ಷ. 1989ರ ಆತ್ಮಕಥೆಯಲ್ಲಿ ಕೇನ್ ಗೆಳೆಯನಿಗೆ ಹೆಸರು ಸಿಗಬೇಕಿತ್ತು ಎಂದು ಒಪ್ಪಿಕೊಂಡರು. ಒಪ್ಪಂದದಲ್ಲಿ ಮಾತ್ರ ಏನೂ ಬದಲಾಗಲಿಲ್ಲ.

ಕೊನೆಗೆ ದಾರಿ ತೆರೆದದ್ದು ಲೇಖಕ ಮಾರ್ಕ್ ಟೈಲರ್ ನೋಬಲ್‌ಮನ್ ಅವರ ಹುಡುಕಾಟ. ಫಿಂಗರ್‌ಗೆ ವಾರಸುದಾರರು ಯಾರೂ ಇಲ್ಲ ಎಂದುಕೊಂಡಿದ್ದ ಕಾಲದಲ್ಲಿ ಅವರು ಮೊಮ್ಮಗಳು ಅಥೀನಾ ಫಿಂಗರ್ ಅವರನ್ನು ಪತ್ತೆ ಮಾಡಿದರು. 2012ರಲ್ಲಿ ಫಿಂಗರ್ ಬಗ್ಗೆ ಅವರ ಪುಸ್ತಕ ಬಂತು. ಅಥೀನಾ ಹಕ್ಕು ಕೇಳಿದರು. 2015ರ ಸೆಪ್ಟೆಂಬರ್‌ನಲ್ಲಿ ಫಿಂಗರ್ ಹೆಸರು ಹಾಕಲು ಡಿಸಿ ಒಪ್ಪಿತು. 2016ರಲ್ಲಿ ಬಂದ 'ಬ್ಯಾಟ್‌ಮನ್ ವರ್ಸಸ್ ಸೂಪರ್‌ಮನ್' ಸಿನಿಮಾದಲ್ಲಿ ಕೇನ್ ಹೆಸರಿನ ಪಕ್ಕ ಫಿಂಗರ್ ಹೆಸರೂ ಬಂತು. ಮರುವರ್ಷ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ, ಇಬ್ಬರೂ ಕೂತು ಕಥೆ ಹೊಸೆಯುತ್ತಿದ್ದ ಪೋ ಪಾರ್ಕ್ ಹತ್ತಿರದ ಒಂದು ರಸ್ತೆಗೆ ಬಿಲ್ ಫಿಂಗರ್ ಹೆಸರಿಟ್ಟರು.