ಗಾಳಿ ಮಾರಲು ಆಗುತ್ತದಾ? ಸಾರ್ವಜನಿಕ ಸರಕಿನ ಪಾಠಕ್ಕೊಂದು ಟಿಪ್ಪಣಿ

ಅರ್ಥಶಾಸ್ತ್ರದಲ್ಲಿ ‘ಸಾರ್ವಜನಿಕ ಸರಕು’ ಪಾಠ ಓದುವಾಗ ಗಾಳಿಯ ಉದಾಹರಣೆ ಬಂದೇ ಬರುತ್ತದೆ. ನಾನು ಉಸಿರಾಡಿದರೆ ನಿಮಗೇನೂ ಕಡಿಮೆ ಬೀಳುವುದಿಲ್ಲ. ದುಡ್ಡು ಕೊಡದವರು ಉಸಿರಾಡಬಾರದು ಎಂದು ತಡೆಯಲೂ ಆಗುವುದಿಲ್ಲ. ಆದ್ದರಿಂದ ಗಾಳಿಯನ್ನು ಮಾರಲು ಬರುವುದಿಲ್ಲ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ.

ಆದರೆ ಮಾರಿದವರಿದ್ದಾರೆ, ಕೊಂಡವರೂ ಇದ್ದಾರೆ. ಹಾಗಾದರೆ ಪಾಠವೇ ತಪ್ಪಾ? ಅಲ್ಲ. ‘ತಡೆಯಲು ಆಗುವುದಿಲ್ಲ’ ಎಂಬ ಮಾತು ಬಯಲಿನ ಗಾಳಿಗೆ ಮಾತ್ರ ಸಲ್ಲುತ್ತದೆ. ಗಾಳಿಯನ್ನು ಯಾವುದರೊಳಗಾದರೂ ಮುಚ್ಚಿಟ್ಟರೆ ಅದಕ್ಕೆ ಬೆಲೆ ಕಟ್ಟಬಹುದು. ಮುಚ್ಚಿಡುವುದು ಎಷ್ಟು ದೊಡ್ಡ ಪಾತ್ರೆಯಲ್ಲಿ ಅನ್ನುವುದೇ ಇಲ್ಲಿನ ಪ್ರಶ್ನೆ.

ಮೊದಲು ಚಿಕ್ಕ ಪಾತ್ರೆ, ಅಂದರೆ ಡಬ್ಬಿ. 2013ರ ಜನವರಿಯಲ್ಲಿ ಬೀಜಿಂಗ್ ಹೊಗೆಯಲ್ಲಿ ಮುಳುಗಿದ್ದಾಗ ಚೆನ್ ಗ್ವಾಂಗ್‌ಬಿಯಾವ್ ಎಂಬ ಶ್ರೀಮಂತ ಉದ್ಯಮಿ ಗಾಳಿ ತುಂಬಿದ ಡಬ್ಬಿಗಳನ್ನು ಬೀದಿಯಲ್ಲಿ ಹಂಚಿ ಸುದ್ದಿಯಾದರು. ಕೆನಡಾದ ವೈಟಾಲಿಟಿ ಏರ್ ಎಂಬ ಕಂಪನಿ ಶುರುವಾಗಿದ್ದೇ ತಮಾಷೆಗೆ. ಇಬ್ಬರು ಗೆಳೆಯರು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತುಂಬಿ ಈಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಾಟಕ್ಕಿಟ್ಟರು. ಅದೂ ಹೋಯಿತು! ಆಮೇಲೆ ಬ್ಯಾನ್ಫ್ ಬೆಟ್ಟಗಳ ಗಾಳಿಯನ್ನು ಒತ್ತಿ ಡಬ್ಬಿಗೆ ತುಂಬಿದರು. 2015ರ ಕೊನೆಯಲ್ಲಿ ಚೀನಾಕ್ಕೆ ಕಳಿಸಿದ ಮೊದಲ 500 ಡಬ್ಬಿಗಳು ನಾಲ್ಕೇ ದಿನದಲ್ಲಿ ಖಾಲಿಯಾದವು ಎಂದು ಕಂಪನಿ ಹೇಳಿತು. 7.7 ಲೀಟರ್ ಡಬ್ಬಿಗೆ ಸುಮಾರು 100 ಯುವಾನ್.

ಇಲ್ಲಿ ಪೆನ್ನು ಹಿಡಿದು ಲೆಕ್ಕ ಮಾಡಿ. ಸುಮ್ನೆ ಕೂತಿರುವ ದೊಡ್ಡವರು ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ ಎಳೆದುಕೊಳ್ಳುತ್ತಾರೆ. ನಿಮಿಷಕ್ಕೆ 12 ಉಸಿರು ಅಂದುಕೊಂಡರೆ 6 ಲೀಟರ್. ದಿನಕ್ಕೆ 8,640 ಲೀಟರ್. ಅಂದರೆ ಆ ಡಬ್ಬಿ ಒಂದೂಕಾಲು ನಿಮಿಷ ಬಂದರೆ ಹೆಚ್ಚು. ದಿನವಿಡೀ ಅದನ್ನೇ ಉಸಿರಾಡಬೇಕಾದರೆ 1,122 ಡಬ್ಬಿ, ಒಂದು ಲಕ್ಷ ಹನ್ನೆರಡು ಸಾವಿರ ಯುವಾನ್!

‘ಒಂದು ಡಬ್ಬಿ ನೂರೈವತ್ತು ಉಸಿರು ಬರುತ್ತದಂತಲ್ಲ’ ಎಂದು ಕೇಳಬಹುದು. 7.7 ಲೀಟರನ್ನು 150 ಉಸಿರಿಗೆ ಹಂಚಿ ನೋಡಿ. ಉಸಿರಿಗೆ 51 ಮಿಲಿಲೀಟರ್. ಅಂದರೆ ಒಂದು ಉಸಿರಿನ ಹತ್ತನೇ ಒಂದು ಭಾಗ ಬೆಟ್ಟದ್ದು, ಉಳಿದ ಒಂಬತ್ತು ಭಾಗ ಅದೇ ಊರಿನ ಹೊಗೆ. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಡಬ್ಬಿ ಮಾರಿದ್ದು ಹೆಚ್ಚುಕಡಿಮೆ ಏನನ್ನೂ ಅಲ್ಲ. ಮಾರಿದ್ದು ಉಡುಗೊರೆಯನ್ನು, ಮಾತಿಗೊಂದು ವಿಷಯವನ್ನು. 2016ರಲ್ಲಿ ಬ್ರಿಟನ್ನಿನ ಲಿಯೋ ಡಿ ವಾಟ್ಸ್ ಹಳ್ಳಿಗಾಡಿನ ಗಾಳಿಯನ್ನು 580 ಮಿಲಿಲೀಟರ್ ಗಾಜಿನ ಜಾಡಿಯಲ್ಲಿ ಹಿಡಿದು 80 ಪೌಂಡಿಗೆ ಮಾರಿದರು. ಒಂದು ಉಸಿರಿಗೆ ಮುಗಿಯುವ ಸರಕು! ಅದನ್ನು ಮುಚ್ಚಳ ತೆಗೆಯದೆ ಷೋಕೇಸಿನಲ್ಲಿ ಇಡುವುದೇ ಸರಿ ಅಲ್ವಾ?

ಈಗ ಪಾತ್ರೆ ದೊಡ್ಡದು ಮಾಡೋಣ. ನಿಮ್ಮ ಕೋಣೆಯೇ ಪಾತ್ರೆ. ಗಂಟೆಗೆ 250 ಘನ ಮೀಟರ್ ಗಾಳಿ ಶುದ್ಧ ಮಾಡುವ ಏರ್ ಪ್ಯೂರಿಫೈಯರ್ ಇದೆ ಅಂದುಕೊಳ್ಳಿ. ಅದು ಎರಡೂವರೆ ಲಕ್ಷ ಲೀಟರ್. ಮೂವತ್ತೆರಡು ಸಾವಿರ ಡಬ್ಬಿಗಳಷ್ಟು ಗಾಳಿ, ಒಂದೇ ಗಂಟೆಯಲ್ಲಿ. ಬೆಟ್ಟದಿಂದ ಏನನ್ನೂ ತರಬೇಕಾಗಿಲ್ಲ, ಇದ್ದ ಗಾಳಿಯನ್ನೇ ಜರಡಿ ಹಿಡಿದರೆ ಸಾಕು. ಇಂಥ ಯಂತ್ರದೊಳಗಿನ ಹೆಪಾ ಎಂಬ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಶೇಕಡಾ ಹಿಡಿಯಬೇಕು ಎಂಬುದು ಅಳತೆ. ನೆನಪಿರಲಿ, ಅದು ಹಿಡಿಯುವುದು ಕಣಗಳನ್ನು ಮಾತ್ರ. ಓಝೋನ್, ನೈಟ್ರೋಜನ್ ಡೈಆಕ್ಸೈಡ್‌ನಂಥ ಅನಿಲಗಳಿಗೆ ಇದ್ದಿಲಿನ ಫಿಲ್ಟರ್ ಬೇರೆ ಬೇಕು. ಕಿಟಕಿ ಮುಚ್ಚಿದ್ದಕ್ಕೆ ನಮ್ಮದೇ ಉಸಿರಿನ ಕಾರ್ಬನ್ ಡೈಆಕ್ಸೈಡ್ ಒಳಗೆ ಏರುತ್ತದೆ, ಅದನ್ನೂ ಈ ಯಂತ್ರ ತೆಗೆಯುವುದಿಲ್ಲ.

ಪರೀಕ್ಷೆಗೆ ಓದುವವರು ಇಲ್ಲಿ ಸ್ವಲ್ಪ ನಿಲ್ಲಿ. ಶುದ್ಧ ಗಾಳಿಗೆ ಜನ ಎಷ್ಟು ಬೆಲೆ ಕಟ್ಟುತ್ತಾರೆ ಎಂದು ಕಂಡುಹಿಡಿಯುವುದು ಕಷ್ಟ. ಅಂಗಡಿಯಲ್ಲಿ ಅದಕ್ಕೆ ಬೆಲೆಚೀಟಿ ಇರುವುದಿಲ್ಲ. ಕೋಯಿಚಿರೊ ಇಟೊ ಮತ್ತು ಷುವಾಂಗ್ ಜಾಂಗ್ ಎಂಬ ಅರ್ಥಶಾಸ್ತ್ರಜ್ಞರು ಇದಕ್ಕೊಂದು ಉಪಾಯ ಮಾಡಿದರು. ಚೀನಾದಲ್ಲಿ ಮಾರಾಟವಾದ ಏರ್ ಪ್ಯೂರಿಫೈಯರ್‌ಗಳ ಲೆಕ್ಕ ತೆಗೆದರು. ಅಲ್ಲಿ ಹುವಾಯ್ ನದಿಯ ಉತ್ತರಕ್ಕೆ ಚಳಿಗಾಲದಲ್ಲಿ ಸರ್ಕಾರವೇ ಕಲ್ಲಿದ್ದಲು ಸುಟ್ಟು ಮನೆಗಳಿಗೆ ಬಿಸಿ ಒದಗಿಸುತ್ತಿತ್ತು, ದಕ್ಷಿಣಕ್ಕೆ ಇಲ್ಲ. ಹಾಗಾಗಿ ನದಿಯ ಉತ್ತರದಲ್ಲಿ ಹೊಗೆ ಜಾಸ್ತಿ. ಅಲ್ಲಿನ ಜನ ಹೆಪಾ ಇರುವ ಯಂತ್ರಕ್ಕೆ ಎಷ್ಟು ಹೆಚ್ಚು ಕೊಡುತ್ತಾರೆ ಎಂದು ನೋಡಿದರೆ ಗಾಳಿಯ ಬೆಲೆ ಹೊರಬೀಳುತ್ತದೆ. 2020ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ, ಘನ ಮೀಟರಿಗೆ ಒಂದು ಮೈಕ್ರೋಗ್ರಾಂ ಪಿಎಂ 10 (10 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳು) ಕಡಿಮೆಯಾಗಲು ಒಂದು ಮನೆಯವರು ವರ್ಷಕ್ಕೆ 1.34 ಡಾಲರ್ ಕೊಡಲು ತಯಾರಿದ್ದರು. ಹಣವಿದ್ದವರು ಜಾಸ್ತಿ, ಇಲ್ಲದವರು ಕಡಿಮೆ. ನನಗೆ ಈ ಕೊನೆಯ ಮಾತು ಮುಖ್ಯ ಅನಿಸುತ್ತದೆ. ಕಡಿಮೆ ಕೊಟ್ಟವರಿಗೆ ಶುದ್ಧ ಗಾಳಿ ಕಡಿಮೆ ಬೇಕು ಎಂದಲ್ಲ, ಕೈಯಲ್ಲಿ ಕಾಸಿಲ್ಲ ಎಂದರ್ಥ. ‘ಕೊಡಲು ತಯಾರಿರುವ ಬೆಲೆ’ ಎಂಬ ಅಳತೆಯ ದೊಡ್ಡ ಕುಂದು ಇದೇ.

ಇನ್ನು ಬಾಹ್ಯ ಪರಿಣಾಮ. ಹೊಗೆ ಬಿಟ್ಟವನು ಒಬ್ಬ, ಕೆಮ್ಮುವವನು ಇನ್ನೊಬ್ಬ. ಈ ನಷ್ಟ ಹೊಗೆ ಬಿಟ್ಟವನ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ, ಆದ್ದರಿಂದ ಅವನ ಮೇಲೆ ತೆರಿಗೆ ಹಾಕಬೇಕು ಎಂಬ ವಾದವನ್ನು ಅರ್ಥಶಾಸ್ತ್ರಜ್ಞ ಎ. ಸಿ. ಪಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಪ್ಯೂರಿಫೈಯರ್ ಮಾರಾಟ ಇದನ್ನು ಉಲ್ಟಾ ಮಾಡುತ್ತದೆ. ಕೆಮ್ಮುವವನೇ ದುಡ್ಡು ಕೊಡುತ್ತಾನೆ. ಅವನ ಕೋಣೆ ಶುದ್ಧವಾಗುತ್ತದೆ, ಬೀದಿ ಹಾಗೇ ಇರುತ್ತದೆ. ಯಂತ್ರಕ್ಕೆ ಬೇಕಾದ ಕರೆಂಟು ಕಲ್ಲಿದ್ದಲಿನಿಂದ ಬಂದರೆ ಹೊಗೆ ಇನ್ನಷ್ಟು.

ಮೂರನೆಯ ಪಾತ್ರೆ ಇಡೀ ಊರು. ಇದನ್ನು ಮುಚ್ಚಲು ಬರುವುದಿಲ್ಲ, ಹಾಗಾಗಿ ಇಲ್ಲಿ ಮಾರಾಟವೂ ಇಲ್ಲ. 1952ರ ಡಿಸೆಂಬರ್‌ನಲ್ಲಿ ಲಂಡನ್ನಿನ ಹೊಗೆಮಂಜಿನಲ್ಲಿ ಸಾವಿರಾರು ಜನ ಸತ್ತ ಮೇಲೆ ಬ್ರಿಟನ್ 1956ರಲ್ಲಿ ಕಾನೂನು ತಂದು, ಕೆಲವು ಪ್ರದೇಶಗಳಲ್ಲಿ ಹೊಗೆ ಬಿಡುವಂತಿಲ್ಲ ಎಂದಿತು. ಬೀಜಿಂಗ್‌ನ ಅಂಕಿ ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಪಿಎಂ 2.5ರ, ಅಂದರೆ ಇನ್ನೂ ಸಣ್ಣ ಕಣಗಳ, ವಾರ್ಷಿಕ ಸರಾಸರಿ 2013ರಲ್ಲಿ 89.5 ಮೈಕ್ರೋಗ್ರಾಂ ಇತ್ತು, 2021ರಲ್ಲಿ 33ಕ್ಕೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5, ಅದಕ್ಕೆ ಹೋಲಿಸಿದರೆ ಆ 33 ಕೂಡ ಆರು ಪಟ್ಟಿಗಿಂತ ಜಾಸ್ತಿಯೇ. ಆದರೂ ಈ ಇಳಿಕೆ ಬೀದಿಯಲ್ಲಿ ನಡೆಯುವವರಿಗೆಲ್ಲ ಸಿಕ್ಕಿತು.

ಇದು ಬಿಟ್ಟಿಯಾಗಿ ಬಂತು ಎಂದು ಮಾತ್ರ ಬರೆಯಬೇಡಿ. ಕಲ್ಲಿದ್ದಲು ಬಾಯ್ಲರ್‌ಗಳು ಹೋದವು, ಹಳೇ ವಾಹನಗಳು ಗುಜರಿ ಸೇರಿದವು. 2017ರ ಚಳಿಗಾಲದಲ್ಲಿ ಉತ್ತರ ಚೀನಾದ ಕೆಲವು ಹಳ್ಳಿಗಳಲ್ಲಿ ಗ್ಯಾಸ್ ಸಂಪರ್ಕ ಬರುವ ಮೊದಲೇ ಕಲ್ಲಿದ್ದಲು ನಿಂತು ಜನ ಚಳಿಯಲ್ಲಿ ನಡುಗಿದರು. ಕೊನೆಗೆ ಅಂಥ ಕಡೆ ಮತ್ತೆ ಕಲ್ಲಿದ್ದಲು ಉರಿಸಲು ಸರ್ಕಾರವೇ ಬಿಡಬೇಕಾಯಿತು.