ದಾಸ್ತಾನಿನ ಲೆಕ್ಕವಿಟ್ಟ ಜನರಲ್: ಥಾಮಸ್ ಜೆಸಪ್ ಮತ್ತು ಅಮೆರಿಕದ ಸೇನಾ ಸರಬರಾಜು

ಸೈನ್ಯಕ್ಕೆ ಬಟ್ಟೆ, ಡೇರೆ, ಕುದುರೆ, ಬಂಡಿಗಳನ್ನು ಒದಗಿಸುವ ಹೊಣೆ ಯಾರದು, ಒದಗಿಸಿದ್ದಕ್ಕೆ ಲೆಕ್ಕ ಕೊಡಬೇಕಾದವರು ಯಾರು ಎಂಬ ಪ್ರಶ್ನೆ ಅಮೆರಿಕವನ್ನು ಅದರ ಹುಟ್ಟಿನಿಂದಲೇ ಕಾಡಿತ್ತು. 1775ರ ಆಗಸ್ಟ್‌ನಲ್ಲಿ ಥಾಮಸ್ ಮಿಫ್ಲಿನ್ ಸೇನಾ ಸರಬರಾಜಿನ ಮುಖ್ಯಾಧಿಕಾರಿ, ಅಂದರೆ ಮೊದಲ ಕ್ವಾರ್ಟರ್‌ಮಾಸ್ಟರ್ ಜನರಲ್ ಆದರೂ ವ್ಯವಸ್ಥೆ ನೆಲೆಗೊಳ್ಳಲಿಲ್ಲ. 1777-78ರ ಚಳಿಗಾಲದಲ್ಲಿ, ಸ್ವಾತಂತ್ರ್ಯ ಯುದ್ಧದ ನಡುವೆ, ವ್ಯಾಲಿ ಫೋರ್ಜ್ ಸೇನಾ ಶಿಬಿರದಲ್ಲಿ ಬಟ್ಟೆಬರೆ, ಆಹಾರಗಳ ಕೊರತೆಯ ನಡುವೆ ಸುಮಾರು 2,000 ಸೈನಿಕರು, ಬಹುಪಾಲು ಕಾಯಿಲೆಯಿಂದ, ಸತ್ತರು. ಆಮೇಲೆ ಈ ಹುದ್ದೆಯನ್ನು ಒಲ್ಲದ ಮನಸ್ಸಿನಿಂದ ವಹಿಸಿಕೊಂಡ ನಥಾನಿಯೆಲ್ ಗ್ರೀನ್, ಇತಿಹಾಸದಲ್ಲಿ ಕ್ವಾರ್ಟರ್‌ಮಾಸ್ಟರ್ ಒಬ್ಬನ ಹೆಸರನ್ನು ಯಾರೂ ಕೇಳಿಲ್ಲವೆಂದು ಸೇನಾಪತಿ ಜಾರ್ಜ್ ವಾಷಿಂಗ್ಟನ್‌ಗೆ ಬರೆದರು.

1812ರಲ್ಲಿ ಬ್ರಿಟನ್ ವಿರುದ್ಧದ ಯುದ್ಧದ ಹೊಸ್ತಿಲಲ್ಲಿ ತರಾತುರಿಯಿಂದ ಮತ್ತೆ ಸ್ಥಾಪಿಸಿದ ಸರಬರಾಜು ಇಲಾಖೆಯೂ ಎಡವಿತು. ಆ ಯುದ್ಧವನ್ನು ಹತ್ತಿರದಿಂದ ಕಂಡವರಲ್ಲಿ 1788ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ಥಾಮಸ್ ಸಿಡ್ನಿ ಜೆಸಪ್ ಒಬ್ಬರು. ಡೆಟ್ರಾಯಿಟ್ ಕೋಟೆ ಶರಣಾದಾಗ ಅವರು ಸೆರೆ ಸಿಕ್ಕರು; ಬಿಡುಗಡೆಯಾದ ಮೇಲೆ ಕ್ಲೀವ್‌ಲ್ಯಾಂಡ್‌ನಲ್ಲಿ ಸೈನ್ಯಕ್ಕಾಗಿ ದೋಣಿಗಳನ್ನು ಕಟ್ಟಿಸಿದರು; 1814ರಲ್ಲಿ ಚಿಪ್ಪೆವಾ ಮತ್ತು ಲಂಡೀಸ್ ಲೇನ್ ಕದನಗಳಲ್ಲಿ 25ನೇ ಪದಾತಿ ದಳವನ್ನು ಮುನ್ನಡೆಸಿ ಗಾಯಗೊಂಡರು.

1818ರಲ್ಲಿ ಯುದ್ಧ ಸಚಿವ ಜಾನ್ ಕ್ಯಾಲ್‌ಹೂನ್ ಸೇನಾ ಕಚೇರಿಗಳನ್ನು ಪುನರ್ರಚಿಸುತ್ತಿದ್ದಾಗ, ಇನ್ನೂ ಮೂವತ್ತು ತುಂಬದ ಜೆಸಪ್ ಕ್ವಾರ್ಟರ್‌ಮಾಸ್ಟರ್ ಜನರಲ್ ಆದರು. ಅವರ ನಿಜವಾದ ಸಾಧನೆ ಇಲ್ಲಿಂದ ಶುರುವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಸರಕಾರದ ಹಣ ಮತ್ತು ಸಾಮಗ್ರಿಯನ್ನು ಕೈಗೆ ತೆಗೆದುಕೊಂಡ ಪ್ರತಿಯೊಬ್ಬ ಅಧಿಕಾರಿಯೂ ನಿಗದಿತ ಅವಧಿಗೆ ಸರಿಯಾಗಿ ಲೆಕ್ಕ ಒಪ್ಪಿಸಬೇಕು, ಯಾವ ವಸ್ತು ಯಾರ ವಶದಲ್ಲಿದೆ ಎಂಬುದು ವಾಷಿಂಗ್ಟನ್ ಕಚೇರಿಗೆ ತಿಳಿದಿರಬೇಕು ಎಂಬ ಶಿಸ್ತನ್ನು ಅವರು ಪಟ್ಟುಹಿಡಿದು ಬೇರೂರಿಸಿದರು. 1842ರಲ್ಲಿ ಸೈನಿಕರ ಉಡುಪಿನ ಖರೀದಿಯೂ ಅವರ ಇಲಾಖೆಗೆ ಬಂತು. ಫಿಲಡೆಲ್ಫಿಯಾದ ಷೂಲ್‌ಕಿಲ್ ಆರ್ಸೆನಲ್ ಎಂಬ ಸೇನಾ ಉಗ್ರಾಣದಲ್ಲಿ ಕತ್ತರಿಸಿದ ಬಟ್ಟೆಯನ್ನು ಹೆಂಗಸರು ಮನೆಗೆ ಒಯ್ದು, ಹೊಲಿದು ತಂದೊಪ್ಪಿಸಿ, ಉಡುಪಿಗೆ ಇಷ್ಟೆಂದು ಕೂಲಿ ಪಡೆಯುತ್ತಿದ್ದರು. ದೂರದ ಗಡಿ ಠಾಣೆಯ ಸೈನಿಕನ ಅಂಗಿ ಹೀಗೆ ಸಿದ್ಧವಾಗುತ್ತಿತ್ತು.

ಆದರೆ ಅವರ ಹೆಸರಿಗೆ ಕಳಂಕ ತಂದದ್ದು ಕಚೇರಿಯ ಕೆಲಸವಲ್ಲ, ರಣರಂಗ. 1836ರ ಕೊನೆಯಲ್ಲಿ ಫ್ಲಾರಿಡಾದಲ್ಲಿ ಸೆಮಿನೋಲ್ ಮೂಲನಿವಾಸಿಗಳನ್ನು ಅವರ ನೆಲದಿಂದ ಒಕ್ಕಲೆಬ್ಬಿಸುವ ಯುದ್ಧದ ನೇತೃತ್ವ ಅವರಿಗೆ ಬಂತು. 1837ರ ಜೂನ್‌ನಲ್ಲಿ, ವಲಸೆಗೆ ಒಪ್ಪಿ ಟ್ಯಾಂಪಾ ಬಳಿ ಸೇರಿದ್ದ ನೂರಾರು ಜನರನ್ನು ಸೆಮಿನೋಲ್ ನಾಯಕ ಓಸಿಯೋಲಾ ರಾತ್ರೋರಾತ್ರಿ ಕರೆದೊಯ್ದ ಮೇಲೆ ಜೆಸಪ್ ತಾಳ್ಮೆ ಕಳೆದುಕೊಂಡರು. ಅದೇ ಅಕ್ಟೋಬರ್‌ನಲ್ಲಿ ಬಿಳಿ ಬಾವುಟದಡಿ ಮಾತುಕತೆಗೆ ಬಂದ ಓಸಿಯೋಲಾನನ್ನು ಅವರ ಆಜ್ಞೆಯಂತೆ ಸೆರೆಹಿಡಿಯಲಾಯಿತು. ಆತ ಮರುವರ್ಷದ ಜನವರಿಯಲ್ಲಿ ಫೋರ್ಟ್ ಮೋಲ್ಟ್ರಿಯಲ್ಲಿ ಬಂಧನದಲ್ಲೇ ತೀರಿಕೊಂಡ. ಸೆಮಿನೋಲರೇ ಮೊದಲು ಮಾತು ಮುರಿದರೆಂದು ಜೆಸಪ್ ವರ್ಷಗಟ್ಟಲೆ ಸಮರ್ಥಿಸಿಕೊಂಡರು. ಶಾಂತಿಯ ಬಾವುಟವನ್ನು ನಂಬಿ ಬಂದವನನ್ನು ಬಂಧಿಸಿದ್ದಕ್ಕೆ ಆ ಸಮರ್ಥನೆ ಸಾಲದು. 1838ರ ಫೆಬ್ರವರಿಯಲ್ಲಿ, ಸೆಮಿನೋಲರನ್ನು ದಕ್ಷಿಣ ಫ್ಲಾರಿಡಾದಲ್ಲಿ ಉಳಿಯಗೊಡುವುದೇ ಒಳ್ಳೆಯದೆಂದು ಅವರೇ ಯುದ್ಧ ಸಚಿವರಿಗೆ ಬರೆದಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಸರಕಾರ ಒಪ್ಪಲಿಲ್ಲ, ಉತ್ತರಕ್ಕಾಗಿ ಕಾದು ಶಿಬಿರದ ಬಳಿ ನೆರೆದಿದ್ದ ಐನೂರಕ್ಕೂ ಹೆಚ್ಚು ಜನರನ್ನು ಜೆಸಪ್ ವಶಕ್ಕೆ ತೆಗೆದುಕೊಂಡರು.

ಅದೇ ವರ್ಷ ಫ್ಲಾರಿಡಾದ ಅಧಿಕಾರವನ್ನು ಜಕಾರಿ ಟೇಲರ್‌ಗೆ ಒಪ್ಪಿಸಿ ಅವರು ಹಳೆಯ ಹೊಣೆಗೆ ಮರಳಿದರು. 1846ರಲ್ಲಿ ಮೆಕ್ಸಿಕೋ ಯುದ್ಧ ಆರಂಭವಾದಾಗ ಸೈನ್ಯಕ್ಕೆ ಹಡಗು, ಬಂಡಿ, ಹೇಸರಗತ್ತೆಗಳನ್ನು ಸಮುದ್ರದಾಚೆಗೂ ಮುಟ್ಟಿಸಬೇಕಾಯಿತು; ಜೆಸಪ್ ಸ್ವತಃ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಮೇಲ್ವಿಚಾರಣೆ ನಡೆಸಿದರು.

42 ವರ್ಷಗಳ ಬಳಿಕ, 1860ರ ಜೂನ್ 10ರಂದು, ಹುದ್ದೆಯಲ್ಲಿರುವಾಗಲೇ ಅವರು ತೀರಿಕೊಂಡರು. ಅವರ ಜಾಗಕ್ಕೆ ಬಂದ ಜೋಸೆಫ್ ಜಾನ್‌ಸ್ಟನ್ ಮರುವರ್ಷ ಅಂತರ್ಯುದ್ಧ ಸಿಡಿದಾಗ ರಾಜೀನಾಮೆ ಕೊಟ್ಟು ಬಂಡೆದ್ದ ದಕ್ಷಿಣ ರಾಜ್ಯಗಳ ಪಕ್ಷ ಸೇರಿದರು. ಸುಮಾರು 16,000 ಸೈನಿಕರ ಶಾಂತಿಕಾಲದ ಸೈನ್ಯವನ್ನು ನೋಡಿಕೊಳ್ಳುತ್ತಿದ್ದ ಇಲಾಖೆಯನ್ನು ಮಾಂಟ್‌ಗೊಮೆರಿ ಮೀಗ್ಸ್ ಕೈಗೆತ್ತಿಕೊಂಡು, ಲಕ್ಷಾಂತರ ಮಂದಿಯ ಸೈನ್ಯಕ್ಕೆ ಸರಬರಾಜು ಮಾಡುವಷ್ಟು ಹಿಗ್ಗಿಸಿದರು.