ಎಂಟುನೂರು ವರ್ಷದ ಕಾಗದ ಇನ್ನೂ ಉಳಿದಿರುವುದು ಹೇಗೆ?

ಓದುಗರ ಪ್ರಶ್ನೆ: ಜಪಾನಿನ ಹಳೆಯ ಮನೆಗಳೆಲ್ಲ ಮರದವು, ಬೆಂಕಿಯ ಭಯ ಬೇರೆ. ಅಂಥಲ್ಲಿ ಒಂದು ಮನೆತನದ ಹೊತ್ತಗೆಗಳು ಶತಮಾನಗಟ್ಟಲೆ ಉಳಿದದ್ದು ಹೇಗೆ?

ಕ್ಯೋಟೊದ ರೇಜೇ ಮನೆತನವನ್ನೇ ನೋಡಿ. ಹಳೆಯ ಅರಮನೆಯ ಉತ್ತರಕ್ಕೆ, ದೋಶಿಶಾ ವಿಶ್ವವಿದ್ಯಾಲಯದ ಕಟ್ಟಡಗಳ ನಡುವೆ ಇವರ ಮನೆ ಇದೆ. ಕವಿ ಫುಜಿವಾರಾ ನೊ ತೇಕಾ (1162–1241) ಇವರ ಪೂರ್ವಜ. ಅವನು ಕೈಯಾರೆ ಬರೆದ ದಿನಚರಿ ‘ಮೇಗೆತ್ಸುಕಿ’ ಇಲ್ಲಿದೆ. 1230ರಲ್ಲಿ ಆಕಾಶದಲ್ಲಿ ಅಪರೂಪದ, ನಕ್ಷತ್ರದಂಥದ್ದೊಂದು ಕಂಡಾಗ, ಹಿಂದೆ ಇಂಥದ್ದು ಯಾವಾಗ ಕಂಡಿತ್ತೆಂದು ತೇಕಾ ವಿಚಾರಿಸಿ ದಾಖಲಿಸಿದ. ಆ ಪಟ್ಟಿಯಲ್ಲಿ 1054ರ ನಕ್ಷತ್ರವೂ ಇದೆ. ಇವತ್ತು ನಾವು ದೂರದರ್ಶಕದಲ್ಲಿ ಕಾಣುವ ಏಡಿ ನೀಹಾರಿಕೆ ಎಂಬ ಅನಿಲ-ಧೂಳಿನ ಮೋಡ ಆ ನಕ್ಷತ್ರದ ಸ್ಫೋಟದಿಂದಲೇ ಹುಟ್ಟಿದ್ದು. ಆ ಹಾಳೆ ಸುಟ್ಟುಹೋಗಿದ್ದರೆ ಎಂದು ನೆನೆದರೇ ಎದೆ ಝಲ್ಲೆನ್ನುತ್ತದೆ.

ಉಳಿಸಿದ್ದು ಮೊದಲಿಗೆ ಮಣ್ಣು. ‘ಕುರಾ’ ಎಂಬ ಉಗ್ರಾಣಕ್ಕೆ ದಪ್ಪನೆಯ ಮಣ್ಣಿನ ಗೋಡೆ. 1788ರಲ್ಲಿ ಕ್ಯೋಟೊದ ಬಹುಭಾಗ ಉರಿದಾಗ ಮನೆಯೂ ಸುಟ್ಟಿತು, ಕುರಾ ಉಳಿಯಿತು. ಮನೆಯನ್ನು 1790ರಲ್ಲಿ ಮತ್ತೆ ಕಟ್ಟಿದರು. ಕಾಗದವೂ ಗಟ್ಟಿಯದೇ: ಹಿಪ್ಪುನೇರಳೆಯ ಬಳಗದ ಕೋಜೊ ಗಿಡದ ಉದ್ದನೆಯ ನಾರಿನಿಂದ ಮಾಡುವಂಥದ್ದು, ಬೇಗ ಪುಡಿಯಾಗುವುದಿಲ್ಲ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಕಾವಲು ಮನೆಯವರ ನಂಬಿಕೆ. ಕುರಾ ಅವರಿಗೆ ದೇವರ ಕೋಣೆ. ಮನೆಯ ಯಜಮಾನ ಮತ್ತು ಉತ್ತರಾಧಿಕಾರಿ ಬಿಟ್ಟು ಬೇರೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. 1869ರಲ್ಲಿ ಚಕ್ರವರ್ತಿಯ ಹಿಂದೆ ಟೋಕಿಯೊಗೆ ಹೊರಟ ಶ್ರೀಮಂತ ಮನೆತನಗಳ ಜೊತೆ ಇವರು ಹೋಗಲಿಲ್ಲ. ಉಗ್ರಾಣ ಇದ್ದಲ್ಲೇ ಉಳಿಯಿತು.

ಆದರೆ ಮುಚ್ಚಿಟ್ಟ ಮಾತ್ರಕ್ಕೆ ಮುಗಿಯಲಿಲ್ಲ. 1981ರಲ್ಲಿ ‘ಶಿಗುರೆತೇ ಬುಂಕೊ’ ಎಂಬ ಪ್ರತಿಷ್ಠಾನ ಕಟ್ಟಿ, ಸಂಗ್ರಹವನ್ನು ಅದಕ್ಕೆ ಒಪ್ಪಿಸಿದರು. ಹಸ್ತಪ್ರತಿಗಳ ಛಾಯಾಪ್ರತಿಗಳು 1992ರಿಂದ ಸಂಪುಟಗಳಾಗಿ ಹೊರಬಂದವು. ಮೂಲವನ್ನು ಮುಟ್ಟದೆಯೇ ಓದುವ ಅವಕಾಶ ಎಲ್ಲರಿಗೂ ಸಿಕ್ಕಿತು. ಈ ಕೆಲಸಕ್ಕೆ ಎಷ್ಟು ಕೈಮುಗಿದರೂ ಸಾಲದು.

ಹುಡುಕಾಟ ಇನ್ನೂ ನಡೆದೇ ಇದೆ. ‘ಕೊಕಿನ್ ವಾಕಾಶೂ’ ಎಂಬ ಪ್ರಾಚೀನ ಕವಿತಾ ಸಂಕಲನಕ್ಕೆ ತೇಕಾ ತನ್ನ ಕೈಯಲ್ಲೇ ಬರೆದ ವ್ಯಾಖ್ಯಾನದ ಮೂಲಪ್ರತಿ ಸಿಕ್ಕಿದೆಯೆಂದು 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು. ಅದು ಇದ್ದದ್ದು ಸುಮಾರು 130 ವರ್ಷಗಳಿಂದ ತೆರೆಯದ ಪೆಟ್ಟಿಗೆಯೊಂದರಲ್ಲಿ.